ಒಣ ಬೀದಿಯಲ್ಲಿ ಬಾವುಟ

"ನಿಲ್ಲೋ ಬಿಸ್ಕೆಟ್," ಎಂದು ಲಗಾಮು ಜಗ್ಗಿದ ಥಾಮಸೀನಾ, ಸಾರೋಟಿನಿಂದ ಹಳದಿ ಬಾವುಟವೊಂದನ್ನು ಬೀದಿಗೆಸೆದಳು. ಚಾರ್ಲ್ಸ್‌ಟನ್ನಿನ ಈ ಇಕ್ಕಟ್ಟು ಬೀದಿಯಲ್ಲಿ ಪ್ರವಾಸಿಗಳ ಗಾಡಿ ನಿಲ್ಲುವಂತಿಲ್ಲ. ಗಾಡಿ ಎಳೆಯುವ ಹೇಸರಗತ್ತೆ ಉಚ್ಚೆ ಹೊಯ್ದರೆ ಮಾತ್ರ ನಿಂತು, ತೊಳೆಯುವವನಿಗೆ ಗುರುತಾಗಲೆಂದು ಬಾವುಟ ಹಾಕಬೇಕು. ಬಿಸ್ಕೆಟ್ ಒಂದು ಹನಿಯನ್ನೂ ಹೊಯ್ದಿರಲಿಲ್ಲ.

"ಆ ಗೋಡೆ ಕಥೆ ಬಿಟ್ಬಿಡಮ್ಮ, ರಜಾಕ್ಕೆ ಬಂದೋರ ಮುಖ ಬಾಡುತ್ತೆ. ಹೂವಿನ ಬಾಲ್ಕನಿ ತೋರ್ಸು ಸಾಕು," ಎಂದು ಸಾರೋಟಿನ ಮಾಲೀಕ ಇವತ್ತು ಬೆಳಿಗ್ಗೆಯೂ ಹೇಳಿದ್ದ. ಎರಡು ವರ್ಷ ಅವಳು ಬಾಲ್ಕನಿಯನ್ನೇ ತೋರಿಸಿದ್ದಳು.

ಈಗ ಕೂತಲ್ಲಿಂದಲೇ ಬಾಗಿ, ಪಕ್ಕದ ಹಳೇ ಗೋಡೆಯ ಇಟ್ಟಿಗೆಯೊಂದರ ಕುಳಿಗೆ ಬೆರಳಿಟ್ಟಳು. ಕಿರುಬೆರಳಿನ ತುದಿಯಷ್ಟೇ ಹಿಡಿಯಿತು. "ಹಸಿ ಇಟ್ಟಿಗೆ ಹೊತ್ತು ಬಿಸಿಲಿಗಿಟ್ಟ ಮಕ್ಕಳ ಬೆರಳಚ್ಚು ಇದು. ಗುಲಾಮರ ಮಕ್ಕಳು. ನಮ್ಮೋರು. ಮುಟ್ಟಿ ನೋಡಿ."

ಹಿಂದಿನ ಸೀಟಿನ ಹೆಂಗಸು ಐಸ್‌ಕ್ರೀಮನ್ನು ಗಂಡನ ಕೈಗೆ ಕೊಟ್ಟು, ಗೋಡೆಯತ್ತ ಕೈಚಾಚಿದಳು. ಆಮೇಲೆ ಗಂಡನೂ ಚಾಚಿದ. ಯಾರೂ ಫೋಟೋ ತೆಗೆಯಲಿಲ್ಲ.

ಅಷ್ಟರಲ್ಲಿ ನೀರಿನ ಗಾಡಿ ಬಂದು ನಿಂತಿತು. ಬೀದಿ ತೊಳೆಯುವ ಎಜೆಕಿಯೆಲ್ ಇಳಿದು, ಬಾವುಟದ ಸುತ್ತ ಬಗ್ಗಿ ನೋಡಿದ. "ಎಲ್ಲಿ ಅಕ್ಕಾ? ಒಂದ್ ಹನಿನೂ ಇಲ್ವಲ್ಲ!"

"ಬಿಸಿಲಿಗೆ ಆರೋಯ್ತು ಕಣೋ."

ಎಜೆಕಿಯೆಲ್ ತಲೆಯೆತ್ತಿದ. ಅವಳ ಬೆರಳು ಇನ್ನೂ ಇಟ್ಟಿಗೆಯ ಕುಳಿಯಲ್ಲೇ ಇತ್ತು. ಅವನು ಪೈಪು ಬಿಚ್ಚಿ, ಒಣಗಿದ್ದ ಬೀದಿಯನ್ನು ಸಾವಕಾಶವಾಗಿ, ಚೆನ್ನಾಗಿ ತೊಳೆದ. ಬಾವುಟವನ್ನು ಒರೆಸಿ ಅವಳ ಕೈಗೆ ಕೊಡುತ್ತಾ ಕೇಳಿದ:

"ನಾಳೆನೂ ಇಲ್ಲೇ ಹೊಯ್ಯುತ್ತಾ ಇದು?"

"ದಿನಾ ಇಲ್ಲೇ," ಎಂದಳು ಥಾಮಸೀನಾ.