ಪೇರಲ ತೋಟದ ಕಾವಲು

"ಹೆಣ್ಮಕ್ಕಳಿಗೆ ಮಂಗ್ಯಾ ಅಂಜಂಗಿಲ್ಲ ಯವ್ವಾ. ಇದು ನಾ ಹೇಳೋ ಮಾತಲ್ಲ, ಮಂಗ್ಯಾನ ಹೇಳ್ತಾವ," ಎಂದ ಮೌಲಾಸಾಬ್, ಗುಡ್ಡದ ಕಾಲುದಾರಿ ಏರುತ್ತ. ಗುರುಗುಂಟಾದ ಗುಡ್ಡದಾಚೆಯ ಪೇರಲ ತೋಟದ ಫಸಲನ್ನು ಈ ವರ್ಷ ಗುತ್ತಿಗೆ ಹಿಡಿದವನು ಅವನೇ. ಕಾಯಿ ನೋಡಿಕೊಂಡು, ಬೈಕು ನಿಲ್ಲಿಸಿದ್ದ ರಸ್ತೆಗೆ ವಾಪಸು ಹೊರಟಿದ್ದ. ಒಂದು ಕೈಯಲ್ಲಿ ಪೇರಲದ ಚೀಲ, ಇನ್ನೊಂದರಲ್ಲಿ ಅರ್ಧ ತಿಂದ ಹಣ್ಣು.

ಹಿಂದೆ ಬರುತ್ತಿದ್ದ ಕಸ್ತೂರೆಮ್ಮ ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ತಲೆಗೆ ಅವನದೇ ರುಮಾಲು ಸುತ್ತಿದ್ದಳು. ಆ ತೋಟ ಕಾಯುತ್ತಲೇ ಮುದುಕನಾಗಿದ್ದ ಅಮರಗುಂಡಪ್ಪ ಬೇಸಿಗೆಯಲ್ಲಿ ತೀರಿಹೋಗಿದ್ದ. ಅಂದಿನಿಂದ ಕಾವಲು ಅವಳದು. ಅವಳು ಮಲಗುವ ಗುಡಿಸಲೂ ಆ ಕಾವಲಿನದೇ. ಕಾವಲು ಹೋದರೆ ಅದೂ ಹೋಗುತ್ತದೆ.

"ಅದಕ್ಕ ಅಂಗಿ ಹಾಕ್ಕೊಂಡೀನಲ್ರಿ ಸಾವ್ಕಾರ್ರ."

"ಅಂಗಿ ಹಾಕ್ಕೊಂಡ್ರ ಗಂಡಸಾಗ್ತೀ ಏನು?"

"ಮಂಗ್ಯಾ ಏನು ಆಧಾರ್ ಕಾರ್ಡ್ ಕೇಳ್ತಾವೇನ್ರಿ?"

ಮೌಲಾಸಾಬ್ ನಕ್ಕುಬಿಟ್ಟ. ನಕ್ಕರೂ ಹಿಡಿದ ಮಾತು ಬಿಡಲಿಲ್ಲ. "ಜವಳಗೇರಾದ ಚನ್ನುಗ ಕಾವಲಿಗೆ ಹೇಳೀನಿ, ನಾಳೆ ಬರ್ತಾನ. ತಪ್ಪು ತಿಳ್ಕೋಬ್ಯಾಡ. ನಿನ್ನ ಯಜಮಾನಂದು ಮಾತು ಬ್ಯಾರೆ ಇತ್ತು. ಅಂವನ ಸಪ್ಪಳ ಕೇಳಿದ್ರ ಸಾಕು, ನಾವು ಹುಡುಗ್ರು ಕದ್ದ ಹಣ್ಣು ಅಲ್ಲೇ ಒಗದು ಬೇಲಿ ಹಾರ್ತಿದ್ವಿ. ಮಂಗ್ಯಾ ಅಂತೂ ಗುಡ್ಡಾನ ದಾಟ್ತಿದ್ವು."

ದೊಡ್ಡ ಬಂಡೆ ಬಳಸಿ ತಿರುಗಿದರೆ ಮುಂದೆ ಹಾದಿಯೇ ಕಾಣಲಿಲ್ಲ. ಉದ್ದಕ್ಕೂ ಮಂಗಗಳು ಕೂತಿದ್ದವು. "ಹಟ್! ಹಟ್ ರೇ!" ಎಂದು ಮೌಲಾಸಾಬ್ ಚೀಲ ಬೀಸಿದ. ಬೀಸಿದ ಚೀಲವನ್ನೇ ಒಂದು ಹಿಡಿದು ಜಗ್ಗಿತು. ಹರಿದ ಚೀಲದಿಂದ ಪೇರಲ ಉರುಳಿ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮಾಯ. ಹಣ್ಣು ಸಿಗದ ದೊಡ್ಡ ಗಂಡು ಮಂಗ, ಗಡವವೊಂದು ಹಲ್ಲು ಕಿರಿಯುತ್ತ ಅವನ ಕೈಯಲ್ಲಿದ್ದ ಅರ್ಧ ಪೇರಲದ ಕಡೆಗೇ ಬಂತು.

ಕಸ್ತೂರೆಮ್ಮ ರುಮಾಲು ಬಿಗಿದು, ಬಡಿಗೆ ಎತ್ತಿ ಮುಂದೆ ಬಂದಳು. ಗಡವ ಅವಳ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ತೊಡೆ ಕೆರೆದುಕೊಂಡಿತು.

"ನೋಡಿದ್ಯಾ ಯವ್ವಾ? ಆಧಾರ್ ಕಾರ್ಡ್ ಕೇಳಾಕತ್ತೈತಿ," ಎಂದ ಮೌಲಾಸಾಬ್, ಅವಳ ಬೆನ್ನ ಹಿಂದೆ ಸರಿಯುತ್ತ.

ಕಸ್ತೂರೆಮ್ಮ ಬಡಿಗೆ ಕೆಳಗಿಳಿಸಿದಳು. ಗಂಡನ ಸಪ್ಪಳವೆಂದರೆ ಅವನ ಕೆಮ್ಮು, ಅವಳು ಮದುವೆಯಾದಾಗಿನಿಂದ ಕೇಳಿದ್ದು. ಎಷ್ಟೋ ಸಲ ಅಣಕಿಸಿ ಬೈಸಿಕೊಂಡದ್ದು. ಬೇಸಿಗೆಯಿಂದ ಈಚೆಗೆ ಅಣಕಿಸಿರಲಿಲ್ಲ. ಕಣ್ಣು ಮುಚ್ಚಿ, ಎದೆಯ ತಳದಿಂದ ಗಿಡ್ಡಗೆ ಕೆಮ್ಮಿ, ಮತ್ತೆ ಉದ್ದಕ್ಕೆ ಎಳೆದು ಕೆಮ್ಮಿ, ಕ್ಯಾಕರಿಸಿ, "ಯಾವನಲೇ ಅಂವಾ?" ಎಂದಳು.

ಮೊದಲು ಹಾರಿದ್ದು ಆ ಗಡವವೇ. ಮರಿ ಅವುಚಿಕೊಂಡ ತಾಯಂದಿರು ಅದರ ಹಿಂದೆ. ಬಂಡೆಗಳ ಮೇಲೆ ಬರೀ ಬಿಸಿಲು ಉಳಿಯಿತು.

ಅವಳು ತಿರುಗಿ ನೋಡಿದರೆ ಮೌಲಾಸಾಬ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅರ್ಧ ತಿಂದ ಪೇರಲ ಅವನ ಕಾಲ ಬಳಿ ಮಣ್ಣಲ್ಲಿ ಬಿದ್ದಿತ್ತು.

"ತೋಟ ಹಿಡದಾವ್ರು ನೀವು, ಹಣ್ಣೂ ನಿಮ್ದ. ಯಾಕ ಒಗದ್ರಿ?"

"ನಾ ಎಲ್ಲಿ ಒಗದೆ ಯವ್ವಾ... ಕೈ ಒಗೀತು."

ಕಸ್ತೂರೆಮ್ಮ ಬಗ್ಗಿ ಹಣ್ಣು ಎತ್ತಿ, ಖಾಕಿ ಅಂಗಿಯ ಅಂಚಿಗೆ ಒರೆಸಿ ಅವನ ಮುಂದೆ ಹಿಡಿದಳು.

"ತಿನ್ನೋ ಮೌಲಾ. ಅವರಿಲ್ಲ ಈಗ."

ಅವನು ಈಸಿಕೊಂಡ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ತೆಗೆದು ನೋಡಿದ: ಚನ್ನು. ಅದು ತಾನಾಗಿ ಸುಮ್ಮನಾಗುವವರೆಗೂ ಹಿಡಿದು ನಿಂತ. ಆಮೇಲೆ ಹಿಂದೊಮ್ಮೆ, ಮುಂದೊಮ್ಮೆ ನೋಡಿ, ಪೇರಲಕ್ಕೆ ಬಾಯಿ ಹಾಕಿದ.