ಸಿಕ್ಕಿಕೊಂಡ ಗಾಳಿ

"ಮೆಲ್ಲಗೆ ಹಿಚುಕಮ್ಮ, ಹಾಲು ಕರೆಯೋ ಹಾಗೆ," ಎಂದರು ಮಾವ. ಸೊಸೆ ಕಾರಿನ ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆಯನ್ನು ಹಿಚುಕಿದಳು. ಮುಚ್ಚಳ ತೆಗೆದ ಬಾಯಿಗೆ ಇಟ್ಟಿದ್ದ ಆಲಿಕೆಯಲ್ಲಿ ಎಂಜಿನ್ ತಣಿಸುವ ಹಸಿರು ಕೂಲೆಂಟ್ ಅಲುಗದೆ ನಿಂತಿತ್ತು.

ಹೊಸ ಕೂಲೆಂಟ್ ಹಾಕಿಸಿದ ದಿನದಿಂದ ಕಾರು ಕಾದು ಕೆಂಡವಾಗುತ್ತಿತ್ತು. ಮನೆ ಮನೆ ತಿರುಗಿ ರೋಗಿಗಳ ಗಾಯ ಕಟ್ಟುವ ನರ್ಸ್ ಅವಳು. ಕಾರಿಲ್ಲದೆ ಕೆಲಸ ನಡೆಯದು. ಎಂಜಿನ್ ಬಿಚ್ಚಲೇಬೇಕು ಎಂದು ಎರಡು ಗ್ಯಾರೇಜಿನವರು ಹೇಳಿದ್ದರು. ಬೇರೆ ದಾರಿ ಕಾಣದೆ, ಮೂವತ್ತು ವರ್ಷ ಬಸ್ಸು ಓಡಿಸಿದ್ದ ಮಾವನನ್ನು ಈ ಬೆಳಿಗ್ಗೆ ಕೇಳಿದ್ದಳು. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ ಸೋತಿತ್ತು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವರು, "ಕಾರಿನ ಹೊಟ್ಟೇಲಿ ಗಾಳಿ ಸೇರ್ಕೊಂಡಿದೆ ಅಷ್ಟೇ. ತೇಗಿಸಿದ್ರೆ ಸರಿಹೋಗುತ್ತೆ," ಎಂದಿದ್ದರು. ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಲು ಹೇಳಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆಸಿ, ಹೀಟರ್ ಪೂರ್ತಿ ಹಾಕಿಸಿ, ಸ್ಟಾರ್ಟ್ ಮಾಡಿಸಿದ್ದರು.

ಗುಳುಕ್ ಎಂದು ದೊಡ್ಡದೊಂದು ಗುಳ್ಳೆ ಎದ್ದಿತು. ಅದರ ಹಿಂದೆಯೇ ಹತ್ತಾರು ಬಂದವು. ಆಲಿಕೆಯ ಮಟ್ಟ ಇಳಿದಂತೆಲ್ಲ ಅವಳು ತುಂಬಿಸುತ್ತಾ ಹೋದಳು. ಗುಳ್ಳೆಗಳು ನಿಂತವು, ಹೀಟರಿನಿಂದ ಬಿಸಿಗಾಳಿ ಬೀಸಿತು, ಉಷ್ಣತೆಯ ಮುಳ್ಳು ನಡುವಿನಿಂದ ಮೇಲೇರಲಿಲ್ಲ.

"ದೊಡ್ಡ ಉಪಕಾರ ಆಯ್ತು ಮಾವ," ಎಂದಳು ಕೈ ಒರೆಸಿಕೊಳ್ಳುತ್ತಾ.

ಅವರು ಅಲ್ಲವೆಂದು ತಲೆಯಾಡಿಸಿದರು. "ಉಪಕಾರ ಮಾಡಿದ್ದು ನೀನಮ್ಮ. ಮಾತ್ರೆ ತಗೊಂಡ್ರಾ, ಊಟ ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ಇದನ್ನ ಹೇಗೆ ಮಾಡೋದು ಅಂತ ಈ ಎಂಟು ತಿಂಗಳಲ್ಲಿ ಕೇಳಿದವಳು ನೀನೊಬ್ಬಳೇ."