ಸುಳ್ಳು ಪ್ಯಾನ್, ಖರೆ ಪ್ಯಾನ್

“ನಿಮ್ಮ ಪ್ಯಾನ್ ಎಂದೂ ಸಿಟ್ಟಿಗಿ ಏಳಂಗಿಲ್ಲೇನ್ರಿ, ಮೇಡಮ್ಮಾರ?” ಅರ್ಧ ತಾಸಿನಿಂದ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕುಳಿತಿದ್ದ ಮಾಲಿಂಗಪ್ಪ ಕೇಳಿದ.

ಶುಭಾಂಗಿಗೆ ನಗು ಬಂತು. ಪ್ಯಾನ್ ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಪಾಕ ಕುದ್ದು ಸಕ್ಕರೆ ಕಾಳುಗಟ್ಟುವ, ಮನೆಯಷ್ಟು ದೊಡ್ಡ ಹಂಡೆ. ಶ್ರಾವಣದ ಮಳೆ ಹಿಡಿದಿತ್ತು; ಸಂಕೇಶ್ವರದ ಹತ್ತಿರದ ಆ ಕಾರ್ಖಾನೆಯಲ್ಲಿ ಕಬ್ಬೂ ಇರಲಿಲ್ಲ, ಹೊಗೆಯೂ ಇರಲಿಲ್ಲ, ಹಂಡೆಗಳೆಲ್ಲ ಖಾಲಿ. ಹಂಗಾಮು ಶುರುವಾಗುವುದರೊಳಗೆ ಪ್ಯಾನ್ ನಡೆಸುವ ಪ್ರೋಗ್ರಾಂ ಬರೆದು ಮುಗಿಸಬೇಕಾಗಿದ್ದ ಅವಳು ಕಂಪ್ಯೂಟರಿನೊಳಗೇ ಒಂದು ನಕಲಿ ಪ್ಯಾನ್ ಮಾಡಿಕೊಂಡಿದ್ದಳು. ಪ್ರೋಗ್ರಾಂ ಉಗಿ ಬಿಟ್ಟರೆ ಅದು ಬಿಸಿಯಾಗುತ್ತಿತ್ತು, ನಿಲ್ಲಿಸಿದರೆ ತಣ್ಣಗಾಗುತ್ತಿತ್ತು. ಹೊಸ ಅಳಿಯನ ಹಾಗೆ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿತ್ತು.

ಮಾಲಿಂಗಪ್ಪ ಇಪ್ಪತ್ತೆಂಟು ಹಂಗಾಮು ಪ್ಯಾನಿನ ಮುಂದೆ ನಿಂತವನು. ಮುಖ್ಯ ಕೆಮಿಸ್ಟರು ಒಂದೇ ಮಾತು ಹೇಳಿದ್ದರು: ಮಾಲಿಂಗಪ್ಪ ಒಪ್ಪಿದರೆ ಪ್ಯಾನ್ ಕಂಪ್ಯೂಟರಿನ ಕೈಗೆ, ಮಾಲಿಂಗಪ್ಪ ಗೋದಾಮಿಗೆ, ಒಪ್ಪದಿದ್ದರೆ ಶುಭಾಂಗಿ ಗಂಟುಮೂಟೆ ಕಟ್ಟಬೇಕು. ತನ್ನ ಜಾಗದ ಬಗ್ಗೆ ತಾನೇ ತೀರ್ಪು ಕೊಡಬೇಕಾದ ಇಂಥ ಪಂಚಾಯಿತಿ ಹೊಳೆಯುವುದು ದೊಡ್ಡವರ ತಲೆಗೆ ಮಾತ್ರ.

“ಇದು ಸುಳ್ಳ ಪ್ಯಾನ್ ಐತ್ರಿ,” ಎಂದ ಮಾಲಿಂಗಪ್ಪ. “ಇದರ ಕೂಡ ಆಡಿ ನಿಮ್ಮ ಪ್ರೋಗ್ರಾಂ ಏನ್ ಕಲೀತೈತಿ?”

“ಖರೆ ಪ್ಯಾನ್ ಎಲ್ಲಿಂದ ತರ್ಲಿ ಕಾಕಾ? ಕಬ್ಬ ಬರಾಕ ಇನ್ನ ಎರಡ ತಿಂಗಳ ಐತಿ.”

ಮಾಲಿಂಗಪ್ಪ ಕುರ್ಚಿ ಹತ್ತಿರ ಎಳೆದುಕೊಂಡ. “ನಾನ ಪ್ಯಾನ್ ಆಗತೇನಿ. ಪ್ರೋಗ್ರಾಂ ಏನ್ ಹೇಳತೈತಿ ನೀವು ಓದ್ರಿ. ನನಗ ಏನ್ ಆಗಾಕತ್ತೈತಿ ನಾ ಹೇಳ್ತೇನಿ.”

ಶುಭಾಂಗಿ ನಕಲಿ ಪ್ಯಾನನ್ನು ಬಂದ್ ಮಾಡಿ, ಅವನು ಹೇಳುವ ಅಂಕಿಗಳನ್ನು ತಾನೇ ಒತ್ತುವ ಹಾಗೆ ಮಾಡಿಕೊಂಡಳು. ಮಾಲಿಂಗಪ್ಪ ಕಣ್ಣು ಮುಚ್ಚಿದ.

“ಉಗಿ ಅರ್ಧ ತೆರೆ,” ಅವಳು ಓದಿದಳು.

“ಅರವತ್ತೆರಡ ಡಿಗ್ರಿ. ಹೊಟ್ಟ್ಯಾಗ ಗುಡುಗುಡು ಅನ್ನಾಕತ್ತೈತಿ.” ಆಮೇಲೆ ಒಮ್ಮೆಲೇ, “ಬಾಯ್ಲರಿಗೆ ಕಬ್ಬಿನ ಹಸೀ ಸಿಪ್ಪಿ ಹಾಕ್ಯಾರ. ಉಗಿ ಬಿತ್ತು. ಐವತ್ತೆಂಟು!”

ಪ್ರೋಗ್ರಾಂ ಏನೂ ತಿಳಿಯದೆ ಸುಮ್ಮನೆ ಕಾಯುತ್ತ ಕುಳಿತಿತು. “ಕೆಟ್ಟೆ,” ಎಂದ ಮಾಲಿಂಗಪ್ಪ. “ಮೈ ತುಂಬ ಬ್ಯಾಡಾದ ಸಣ್ಣ ಕಾಳ ಎದ್ದಾವು.” ಎರಡು ದಿನ ಹೀಗೇ ಕೆಟ್ಟಿತು. ಕೆಟ್ಟಾಗಲೆಲ್ಲ ಅವನ ಮೀಸೆಯಡಿಯಲ್ಲಿ ಒಂದು ಖುಷಿ ಕಾಣುತ್ತಿತ್ತು, ಅವಳಿಗೆ ಅಳು ಬರುತ್ತಿತ್ತು. ಆದರೂ ಅವನು ಎಲ್ಲಿ ಕೆಟ್ಟಿತೆಂದು ಬಿಡಿಸಿ ಹೇಳುತ್ತಿದ್ದ, ಅವಳು ತಿದ್ದುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಛಾವಣಿಯ ತಗಡಿನ ಮೇಲೆ ಮಳೆ ಜೋರಾಯಿತು. ಸ್ವಲ್ಪ ಹೊತ್ತಿಗೆ ಅದು ಮಳೆಯ ಸದ್ದೋ ಪಾಕ ಕುದಿಯುವ ಸದ್ದೋ ಶುಭಾಂಗಿಗೆ ತಿಳಿಯದಾಯಿತು. ಕಣ್ಣು ಮುಚ್ಚಿ ಕುಳಿತವನ ಹಣೆಯಲ್ಲಿ ಬೆವರೊಡೆಯಿತು. ಕೋಣೆಯಲ್ಲಿ ಕಬ್ಬಿನ ಪಾಕದ ವಾಸನೆ ಇತ್ತು, ಇದ್ದೇ ಇತ್ತು. ಅವಳು ಕಣ್ಣಿನ ಚಾಳೀಸು ತೆಗೆದು, ಗಾಜಿಗೆ ಉಗಿ ಹತ್ತಿತೆಂದು ಸೀರೆಯ ಸೆರಗಿನಿಂದ ಒರೆಸಿಕೊಂಡಳು.

“ಉಗಿ ಬಿತ್ತು,” ಎಂದ ಅವನು, ಎಲ್ಲೋ ಒಳಗಿನಿಂದ. “ಐವತ್ತೆಂಟು.”

“ಪಾಕ ನಿಲ್ಲಿಸು. ಸ್ವಲ್ಪ ನೀರು ಬಿಡು. ಉಗಿ ಪೂರ್ತಿ ತೆರೆ,” ಅವಳು ಓದಿದಳು.

ಮಾಲಿಂಗಪ್ಪ ಹೆಬ್ಬೆರಳು ತೋರುಬೆರಳು ಕೂಡಿಸಿ ತಿಕ್ಕಿದ, ಆಮೇಲೆ ನಡುವೆ ಪಾಕದ ಎಳೆ ಇದೆಯೆಂಬಂತೆ ಮೆಲ್ಲಗೆ ಬಿಡಿಸಿದ. ಕೆಟ್ಟಿತು ಎಂದರೆ ಮುಗಿಯಿತು, ಅವನ ಜಾಗ ಅವನಿಗೇ ಉಳಿಯುತ್ತಿತ್ತು. ಸುಳ್ಳು ಎನ್ನಲು ಅಲ್ಲಿ ಹಂಡೆಯಾದರೂ ಎಲ್ಲಿತ್ತು?

“ಬಂತು,” ಎಂದ ಅವನು. “ಕಾಳ ಬಂತ್ರಿ. ಒಂದ ಸಮ ಬಂದಾವು, ರವಾದಂಗ.”

ಅವನು ಕಣ್ಣು ತೆರೆದಾಗ ಕೋಣೆ ತಣ್ಣಗಿತ್ತು. ಶುಭಾಂಗಿಗೆ ಗೆದ್ದ ಸಂತೋಷ ಆಗಬೇಕಿತ್ತು, ಆಗಲಿಲ್ಲ. “ಕಾಕಾ, ಕೆಟ್ಟೈತಿ ಅಂತ ಒಂದ ಮಾತ ಅಂದಿದ್ರ ನಿಮ್ಮ ಜಾಗಾ ಉಳೀತಿತ್ತಲ್ರಿ?”

“ನಾ ಎಲ್ಲಿ ಹೇಳೇನ್ರಿ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಪ್ಯಾನ್ ಹೇಳ್ತು.”

ಎದ್ದು ಹೊರಗೆ ಹೋದ. ವರಾಂಡದ ನಳದ ಮುಂದೆ ನಿಂತು, ಏನೂ ಅಂಟಿರದ ಆ ಎರಡು ಬೆರಳುಗಳನ್ನು ಬಹಳ ಹೊತ್ತು ತಿಕ್ಕಿ ತಿಕ್ಕಿ ತೊಳೆದ.